ಹತ್ತು ಮಿಲಿಮೀಟರಿನ ಮೇಲೆ ನಿಂತ ಹೊಗಳಿಕೆ

ಕುಂದಾಪುರ ಸೀಮೆಯಲ್ಲಿ ಅಗ್ಗದ ಬಿಎಂಎಕ್ಸ್ ಹುಟ್ಟುವ ರೀತಿ ಹೆಚ್ಚುಕಡಿಮೆ ಒಂದೇ. ಮನೆ ಹಿಂದೆ ಮಳೆಗೆ ಬಿದ್ದಿದ್ದ, ಇಲ್ಲವೇ ಗುಜರಿಯಲ್ಲಿ ಸಿಕ್ಕ 20 ಇಂಚಿನ ಮಕ್ಕಳ ಸೈಕಲ್ಲು. ಅದರ ಮಡ್‌ಗಾರ್ಡು, ಕ್ಯಾರಿಯರು, ಚೈನ್ ಕವರು ಕಿತ್ತು ಬಿಸಾಡುವುದು. ಎತ್ತರದ ಹ್ಯಾಂಡಲ್ ತರಿಸಿ ಹಾಕುವುದು. ಕೊನೆಗೆ ಹಿಂದಿನ ಚಕ್ರದ ಎರಡೂ ಬದಿಗೆ ಪೆಗ್ಗು. ‘ಎಷ್ಟು ಕಮ್ಮಿಯಲ್ಲಿ ಮುಗ್ಸಿದ ಮಾಣಿ!’ ಎಂದು ಊರು ಹೊಗಳುತ್ತದೆ. ಈ ಹೊಗಳಿಕೆ ಅತಿಯಾಯಿತೆಂಬುದು ನನ್ನ ತಕರಾರು. ಹುಡುಗರ ಕೈಕೆಲಸ ಚೆನ್ನಾಗಿಯೇ ಇದೆ. ದುಡ್ಡು ಸುರಿಯುವ ಜಾಗ ತಪ್ಪು.

ಕ್ಯಾಲಿಫೋರ್ನಿಯಾದ ಮಣ್ಣಿನ ಟ್ರ್ಯಾಕು, 2008ರ ಬೀಜಿಂಗ್ ಒಲಿಂಪಿಕ್ಸಿಗೆ ಬಂದ ರೇಸು, ಆಮೇಲೆ ಟೋಕಿಯೊದಲ್ಲಿ ಸೇರಿದ ಫ್ರೀಸ್ಟೈಲು, ಇವೆಲ್ಲ ಆಸಕ್ತರಿಗೆ ಗೊತ್ತಿರುವ ಕಥೆ. ನೇರ ಪೆಗ್ಗಿಗೆ ಬರೋಣ.

ಪೆಗ್ಗೆಂದರೆ ಆಕ್ಸಲ್ ತುದಿಗೆ ಬಿಗಿಯುವ ಗಿಡ್ಡ ಕೊಳವೆ. ಸವಾರ ಅದರ ಮೇಲೆ ಕಾಲಿಟ್ಟು ನಿಲ್ಲುತ್ತಾನೆ, ಕಟ್ಟೆಯ ಅಂಚಿಗೆ ಅದನ್ನೇ ತಾಗಿಸಿ ಜಾರುತ್ತಾನೆ. ಫ್ರೀಸ್ಟೈಲ್ ಸೈಕಲ್ಲಿನಲ್ಲಿ ಅದು ಕೂರುವ ಹಿಂದಿನ ಆಕ್ಸಲ್ 14 ಮಿ.ಮೀ. ದಪ್ಪ. ನಮ್ಮ ಮಕ್ಕಳ ಸೈಕಲ್ಲಿನದು ಸುಮಾರು 10. ನಾಲ್ಕು ಮಿಲಿಮೀಟರಿನಲ್ಲಿ ಏನು ಮಹಾ ಎನ್ನಬೇಡಿ. ದುಂಡು ಸರಳು ಬಾಗದೆ ನಿಲ್ಲುವ ಬಲ ವ್ಯಾಸದ ಘನಕ್ಕೆ ತಕ್ಕಂತೆ ಏರುತ್ತದೆ, 1.4ರ ಘನ 2.74. ಉಕ್ಕು ಒಂದೇ ಆದರೂ ದಪ್ಪ ಆಕ್ಸಲ್ ಎರಡೂಮುಕ್ಕಾಲು ಪಟ್ಟು ತಾಳುತ್ತದೆ. ಪೆಗ್ಗಿನ ಹೊರತುದಿಯಲ್ಲಿ ಕಾಲಿಟ್ಟಷ್ಟೂ ಸನ್ನೆಯ ಲೆಕ್ಕದಲ್ಲಿ ಎಳೆತ ಹೆಚ್ಚು. ಮೊದಲು ಆಕ್ಸಲ್ ಬಾಗುತ್ತದೆ. ಆಮೇಲೆ ಕೋನು ಒಂದು ಸುತ್ತಿನಲ್ಲೇ ಒಮ್ಮೆ ಬಿಗಿ, ಒಮ್ಮೆ ಸಡಿಲ, ಬಾಲ್ಸು ಕಪ್ಪನ್ನು ತಿನ್ನುತ್ತದೆ, ಚಕ್ರ ಓಲಾಡುತ್ತದೆ. ಆಗ ಎಲ್ಲರೂ ಕಡ್ಡಿ ಬಿಗಿಸಿ ಬೆಂಡ್ ತೆಗೆಸಲು ಓಡುತ್ತಾರೆ. ರೋಗ ಕಡ್ಡಿಯಲ್ಲಿ ಇಲ್ಲವೇ ಇಲ್ಲ.

ಮದ್ದು ಇನ್ನೂ ಕೆಟ್ಟದ್ದು. ಫ್ರೇಮಿನಲ್ಲಿ ಆಕ್ಸಲ್ ಕೂರುವ ಸೀಳನ್ನು ಗ್ರೈಂಡರಿನಿಂದ 14ಕ್ಕೆ ಅಗಲಿಸಿ ದಪ್ಪ ಆಕ್ಸಲ್ಲಿನ ಹಬ್ಬು ತೂರಿಸುತ್ತಾರೆ. ‘ಎಂತದೂ ಆತಿಲ್ಲ ಮಾಣಿ, ತಡಿತ್ತ್’ ಎಂಬ ಭರವಸೆ ಉಚಿತ. ತೆಳು ತಗಡನ್ನು ಒತ್ತಿ ಮಾಡಿದ ತುಂಡು ಅದು. ಎರಡೂ ಬದಿ ಎರಡೆರಡು ಮಿಲಿಮೀಟರ್ ಸವೆಸಿದರೆ ಉಳಿಯುವುದೇನು? ಸೋಲುವ ಜಾಗ ಆಕ್ಸಲ್ಲಿನಿಂದ ಫ್ರೇಮಿಗೆ ಹೋಯಿತು, ಅಷ್ಟೇ. ಬಾಗಿದ ಆಕ್ಸಲ್ ಬದಲಿಸಬಹುದಿತ್ತು, ಹರಿದ ಸೀಳನ್ನು ಬದಲಿಸಲಾಗದು. ಬಣ್ಣ ಹೋದ ಆ ಅಂಚಿಗೆ ಕಡಲಗಾಳಿ, ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ, ಬಿರುಕು ಬಿಟ್ಟರೂ ತುಕ್ಕಿನಡಿ ಕಾಣುವುದಿಲ್ಲ. ಇದನ್ನು ಜುಗಾಡಿನ ಪ್ರತಿಭೆಯೆಂದು ಕೊಂಡಾಡುವವರು ಒಮ್ಮೆ ಆ ಪೆಗ್ಗಿನ ಮೇಲೆ ತಾವೇ ನಿಂತು ನೋಡಲಿ.

ಇಲ್ಲಿ ‘ಮೊದ್ಲು ಒಳ್ಳೆ ಫ್ರೇಮ್ ತಕೊಳ್ಳಿ’ ಪಂಗಡ ಎದ್ದು ನಿಲ್ಲುತ್ತದೆ. 4130 ಕ್ರೋಮೊಲಿ ಫ್ರೇಮ್ ಒಂದಿದ್ದರೆ ಉಳಿದದ್ದನ್ನು ನಿಧಾನ ಸೇರಿಸಬಹುದಂತೆ. ಕ್ರೋಮೊಲಿ ಗಟ್ಟಿ ಲೋಹ, ಜಗಳವಿಲ್ಲ. ಆದರೆ ‘ಉಳಿದದ್ದು’ ಎನ್ನುವಲ್ಲಿ ಬಿಲ್ಲು ಅಡಗಿದೆ. ಈಗಿನ ಅಂಥ ಫ್ರೇಮಿಗೆ ಪೆಡಲಿನ ಬೇರಿಂಗು ಒತ್ತಿ ಕೂರಿಸಬೇಕು. ಪೇಟೆಯ ಅಂಗಡಿಯ ಥ್ರೆಡ್ ಕಪ್ಪು, ಕಾಟರ್ ಪಿನ್ನಿನ ಕ್ರ್ಯಾಂಕು ಅಲ್ಲಿಗೆ ಹೋಗದು. ಫೋರ್ಕು ಥ್ರೆಡ್ ಇಲ್ಲದ 1⅛ ಇಂಚಿನದು, ಅದಕ್ಕೆ ಬೇರೆಯೇ ಸ್ಟೆಮ್ಮು. ಸೀಳು 14ರದ್ದು, ಹಾಗಾಗಿ ಹಳೆ ಚಕ್ರವೂ ಮೂಲೆಗೆ. ಫ್ರೇಮ್ ಕೊಂಡವನು ಕಡೆಗೆ ಇಡೀ ಸೈಕಲ್ಲನ್ನೇ ಬಿಡಿಬಿಡಿಯಾಗಿ, ಪ್ರತಿ ತುಂಡಿಗೂ ಕೊರಿಯರ್ ಖರ್ಚು ತೆತ್ತು ಕೊಳ್ಳುತ್ತಾನೆ. ಇಷ್ಟಕ್ಕೆ ಯಾರೋ ಬಳಸಿ ಬಿಟ್ಟ ಪೂರ್ತಿ ಬಿಎಂಎಕ್ಸ್ ಕೊಳ್ಳುವುದೇ ಮೇಲು. ಈ ಉಪದೇಶ ಕೊಡುವವರಲ್ಲಿ ಹೆಚ್ಚಿನವರು ಸಿದ್ಧ ಸೈಕಲ್ ಕೊಂಡವರೇ ಎಂಬ ಗುಮಾನಿ ನನಗಿದೆ.

ಹಳೆ ಫ್ರೇಮೇ ಇರಲಿ, ಪೆಗ್ಗು ಹೋಗಲಿ. ರೇಸಿನ ಬಿಎಂಎಕ್ಸಿಗೆ ಪೆಗ್ಗೇ ಇಲ್ಲ. ಅದು ಬಹುಕಾಲ ಓಡಿದ್ದು 10 ಮಿ.ಮೀ. ಆಕ್ಸಲ್ ಮೇಲೆಯೇ. ನಮ್ಮ ನೆಲವೂ ಆ ಆಟಕ್ಕೆ ಹೇಳಿಮಾಡಿಸಿದ್ದು: ಜಂಬಿಟ್ಟಿಗೆಯ ಬೋಳು ಗುಡ್ಡೆ, ಹಾಡಿಯ ನಡುವಿನ ಏರುತಗ್ಗಿನ ದಾರಿ. (ಕಲ್ಲುಕೋರೆಯ ಹೊಂಡದ ಹತ್ತಿರ ಮಾತ್ರ ಬೇಡ. ಮಳೆಗಾಲದಲ್ಲಿ ಅವು ತುಂಬಿ ಜೀವ ತೆಗೆಯುತ್ತವೆ.) ಜಾರಲು ಗ್ರಾನೈಟಿನ ಕಟ್ಟೆ, ಕಬ್ಬಿಣದ ಕಂಬಿ ಹುಡುಕುವುದು ಪರವೂರಿನ ವಿಡಿಯೊ ನೋಡಿ ಹತ್ತಿದ ಚಟ.

ದುಡ್ಡು ಹೋಗಬೇಕಾದ್ದು ಹಿಂದಿನ ಚಕ್ರಕ್ಕೆ: 36 ಕಡ್ಡಿ, ಎರಡು ಗೋಡೆಯ ಅಲ್ಯುಮಿನಿಯಂ ರಿಮ್ಮು. ಕೊಳ್ಳುವ ಮೊದಲು ಹಳೆ ಟೈರಿನ ಬದಿ ಓದಿ. 20×2.125 ಎಂಬಂತೆ ದಶಮಾಂಶವಿದ್ದರೆ ರಿಮ್ಮು 406ರದ್ದು. 20×1⅜ ಎಂದಿದ್ದರೆ 451, ಬಿಎಂಎಕ್ಸಿನ ದಪ್ಪ ಟೈರು ಅದಕ್ಕೆ ಕೂರದು. ಬೀದಿ ಸವಾರರ 25/9 ಹಲ್ಲಿನ ಜೋಡಿಗೆ ದುಬಾರಿ ಹಬ್ಬು ಬೇಕು. 44/16 ಕೊಡುವ ಓಟವೂ ಹೆಚ್ಚುಕಡಿಮೆ ಅಷ್ಟೇ, 16 ಹಲ್ಲಿನ ಫ್ರೀವೀಲು ಸಾಮಾನ್ಯ ಹಬ್ಬಿಗೇ ಕೂರುತ್ತದೆ. ಕಡ್ಡಿ ಹೆಣೆಯುವ ಕೆಲಸ ಹಳೆಯ ಸೈಕಲ್ ಶಾಪಿನ ಹಿರಿಯರಿಗೆ ಬಿಡಿ. ನಾಲ್ಕು ಬೆರಳಿನಲ್ಲಿ ಜೋಡಿ ಕಡ್ಡಿ ಹಿಂಡಿಯೇ ಬಿಗುವು ಹೇಳುವ ಆ ವಿದ್ಯೆಗೆ ಸಲ್ಲಬೇಕಾದ ಹೊಗಳಿಕೆಯಲ್ಲಿ ಮುಕ್ಕಾಲುಪಾಲು ಪೆಗ್ಗಿಗೆ ಹೋಗಿದೆ.

ಇನ್ನು ಬ್ರೇಕು. ಅದನ್ನು ಬಿಚ್ಚಿಡುವುದು ಸ್ಕೇಟ್‌ಪಾರ್ಕಿನ ಶೋಕಿ. ಗುಡ್ಡೆಗೆ ಹೋಗಲು ಹೆದ್ದಾರಿ 66ನ್ನು ದಾಟುವ ಹುಡುಗನಿಗೆ ಅದು ಆಗಿಬರದು. ಒದ್ದೆಯಾದ ಕ್ರೋಮಿನ ಉಕ್ಕಿನ ರಿಮ್ಮಿನ ಮೇಲೆ ರಬ್ಬರು ಜಾರುತ್ತದೆ, ಅಲ್ಯುಮಿನಿಯಂ ಮೇಲೆ ಎಷ್ಟೋ ವಾಸಿ ಹಿಡಿಯುತ್ತದೆ. ಪೆಗ್ಗಿಗೆಂದು ತೆಗೆದಿಟ್ಟ ದುಡ್ಡಿನಲ್ಲಿ ಹೊಸ ಕೇಬಲ್ಲು, ಹೊಸ ರಬ್ಬರು ಎರಡೂ ಬಂದಾವು.