ಗುಡಿಯ ಶಿಖರಕ್ಕೆ ಜನಾಂಗದ ಹಣೆಪಟ್ಟಿ

ಪಟ್ಟದಕಲ್ಲಿನ ಆವರಣಕ್ಕೆ ಕಾಲಿಟ್ಟ ಪ್ರವಾಸಿಗರ ಕಿವಿಗೆ ಮೊದಲು ಬೀಳುವ ಮಾತು ಸಾಮಾನ್ಯವಾಗಿ ಇದೇ: “ಈ ಬಾಗಿದ ಶಿಖರ ಐತಲ್ರೀ, ಇದು ನಾರ್ತ್ ಇಂಡಿಯನ್ ಸ್ಟೈಲ್. ಅಲ್ಲಿ ಅಂತಸ್ತು ಅಂತಸ್ತು ಕಾಣ್ತದಲ್ರೀ, ಅದು ಸೌತ್ ಇಂಡಿಯನ್.” ಗೈಡ್ ಹೇಳುವುದು ತಪ್ಪಲ್ಲ, ಕಣ್ಣಿಗೆ ಕಾಣುವ ವ್ಯತ್ಯಾಸವನ್ನೇ ಹೇಳುತ್ತಾರೆ. ತೊಡಕು ಶುರುವಾಗುವುದು ಇಂಗ್ಲಿಷ್ ಕೈಪಿಡಿಗಳು ಮತ್ತು ಅವುಗಳನ್ನು ನೋಡಿ ಬರೆದ ನಮ್ಮ ಪುಸ್ತಕಗಳು ಮೊದಲನೆಯದನ್ನು ‘ಇಂಡೋ-ಆರ್ಯನ್’ ಎಂದೂ ಎರಡನೆಯದನ್ನು ‘ದ್ರವಿಡಿಯನ್’ ಎಂದೂ ಕರೆದಾಗ. ಅಲ್ಲಿಂದ ಕಲ್ಲಿನ ಆಕಾರವೊಂದು ಮನುಷ್ಯರ ರಕ್ತದ ಗುರುತಾಗಿಬಿಡುತ್ತದೆ.

ಈ ಹಣೆಪಟ್ಟಿಗೆ ಅಧಿಕಾರ ತಂದುಕೊಟ್ಟ ಗ್ರಂಥ ಜೇಮ್ಸ್ ಫರ್ಗುಸನ್ ಅವರ ‘ಹಿಸ್ಟರಿ ಆಫ್ ಇಂಡಿಯನ್ ಅಂಡ್ ಈಸ್ಟರ್ನ್ ಆರ್ಕಿಟೆಕ್ಚರ್’. ಮೊದಲ ಮುದ್ರಣ 1876. ಹತ್ತು ವರ್ಷ ಮೊದಲು, 1866ರಲ್ಲಿ, ಫರ್ಗುಸನ್ ಮತ್ತು ಮೆಡೋಸ್ ಟೇಲರ್ ಸೇರಿ ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ಮೇಲೆ ಛಾಯಾಚಿತ್ರಗಳ ದೊಡ್ಡ ಸಂಪುಟವೊಂದನ್ನು ತಂದಿದ್ದರು. 1874ರಲ್ಲಿ ಜೇಮ್ಸ್ ಬರ್ಜೆಸ್ ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳ ಸಮೀಕ್ಷೆಯ ವರದಿ ಪ್ರಕಟಿಸಿದರು. ಇಂದಿನ ಬಾಗಲಕೋಟೆ ಸೀಮೆ ಆಗ ಕಲಾದಗಿ ಜಿಲ್ಲೆಗೆ ಸೇರಿತ್ತು. ಅಂದರೆ ಭಾರತದ ವಾಸ್ತುವಿನ ಚರಿತ್ರೆ ಇಂಗ್ಲಿಷಿನಲ್ಲಿ ಮೊದಲ ಸಲ ಸಮಗ್ರವಾಗಿ ಬರೆಯಲ್ಪಡುತ್ತಿದ್ದ ಹೊತ್ತಿಗೆ ಮಲಪ್ರಭೆಯ ದಂಡೆಯ ಗುಡಿಗಳು ವಿದ್ವಾಂಸರ ಮೇಜಿನ ಮೇಲೆ ಇದ್ದವು.

ಫರ್ಗುಸನ್ ಸಾಧನೆಯನ್ನು ಕಡೆಗಣಿಸಿ ಮುಂದೆ ಹೋಗುವುದು ನ್ಯಾಯವಲ್ಲ. ಕಲಕತ್ತೆಯ ವ್ಯಾಪಾರ ಮತ್ತು ನೀಲಿ ಬೆಳೆಯಿಂದ ಹಣ ಗಳಿಸಿದ ಈ ಸ್ಕಾಟ್ಲೆಂಡಿನ ಮನುಷ್ಯ ದೇಶ ತಿರುಗಿದರು, ಗುಡಿಗಳನ್ನು ಅಳೆದು ಚಿತ್ರ ಬರೆದರು. ಗ್ರಂಥಗಳ ಮಾತು ಬದಿಗಿಟ್ಟು ಕಟ್ಟಡವನ್ನೇ ಸಾಕ್ಷಿಯಾಗಿ ಹಿಡಿದರು. ಒಂದು ಕಂಬದ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು, ಯಾವುದು ಮೊದಲು ಯಾವುದು ನಂತರ ಎಂದು ಕೇಳುವ ರೂಢಿಯನ್ನು ಭಾರತೀಯ ವಾಸ್ತುವಿನ ಅಧ್ಯಯನದಲ್ಲಿ ಬೇರೂರಿಸಿದವರಲ್ಲಿ ಅವರೇ ಪ್ರಮುಖರು. ‘ಚಾಲುಕ್ಯ ಶೈಲಿ’ ಎಂಬ ಪ್ರತ್ಯೇಕ ಅಧ್ಯಾಯವನ್ನೂ ಅವರು ತೆರೆದರು. ನಮ್ಮ ಗುಡಿಗಳ ಮೇಲೆ ಇಂದು ಕೆಲಸ ಮಾಡುವ ಯಾರೂ ಅವರ ಋಣದಿಂದ ಪೂರ್ತಿ ಬಿಡಿಸಿಕೊಳ್ಳಲಾರರು.

ಆದರೆ ಕಟ್ಟಡದಿಂದ ಅವರು ತಿಳಿಯಬಯಸಿದ್ದು ಮುಖ್ಯವಾಗಿ ಕಟ್ಟಿದವರ ಜನಾಂಗವನ್ನು. ಭಾಷೆ ಬದಲಾಗಬಹುದು, ಧರ್ಮ ಬದಲಾಗಬಹುದು, ಕಟ್ಟುವ ಪ್ರವೃತ್ತಿ ಮಾತ್ರ ರಕ್ತದಲ್ಲಿ ಹರಿದುಬರುತ್ತದೆ ಎಂಬುದು ಅವರ ನಂಬಿಕೆ. ಅವರ ಪ್ರಕಾರ ಆರ್ಯರು ಬುದ್ಧಿಜೀವಿಗಳು, ಕಲ್ಲಿನಲ್ಲಿ ಕಟ್ಟುವ ಒಲವಿಲ್ಲದವರು. ಕಟ್ಟುವವರು ‘ತುರಾನಿಯನ್’ ಎಂಬ ಇನ್ನೊಂದು ಜನಾಂಗ, ದ್ರಾವಿಡರು ಆ ಗುಂಪಿಗೆ ಸೇರಿದವರು. ಹಾಗಿದ್ದರೆ ಉತ್ತರದ ಶಿಖರಕ್ಕೆ ‘ಇಂಡೋ-ಆರ್ಯನ್’ ಎಂದು ಹೆಸರಿಟ್ಟಿದ್ದು ಹೇಗೆ? ಆರ್ಯರು ಕಟ್ಟುವವರೇ ಅಲ್ಲ ಎನ್ನುವ ಸಿದ್ಧಾಂತ, ಅವರದೇ ಹೆಸರಿನ ಕಟ್ಟಡ ಶೈಲಿ, ಎರಡೂ ಒಂದೇ ಪುಸ್ತಕದ ಎರಡು ರಟ್ಟುಗಳ ನಡುವೆ ಇವೆ. ಈ ಬಿರುಕನ್ನು ಪುಸ್ತಕ ಕೊನೆಯವರೆಗೂ ಮುಚ್ಚಲಾಗಲಿಲ್ಲ. 1910ರ ಪರಿಷ್ಕೃತ ಮುದ್ರಣದಲ್ಲಿ ಭಾರತದ ಭಾಗವನ್ನು ತಿದ್ದಿದವರು ಬರ್ಜೆಸ್. ಪಟ್ಟದಕಲ್ಲನ್ನು ಸ್ವತಃ ಕಂಡವರು, ಅದರ ನಕ್ಷೆಗಳನ್ನು ಪ್ರಕಟಿಸಿದವರು. ಎಷ್ಟೋ ವಿವರಗಳನ್ನು ಸರಿಪಡಿಸಿದರು, ಜನಾಂಗದ ಚೌಕಟ್ಟನ್ನು ಹಾಗೆಯೇ ಬಿಟ್ಟರು.

ಇನ್ನು ಗುಡಿಗಳ ಕಡೆಗೆ ಬರೋಣ. ಬಾದಾಮಿಯ ಹತ್ತಿರದ ಮಹಾಕೂಟದಲ್ಲಿ ಒಂದೇ ಪುಷ್ಕರಣಿಯ ಸುತ್ತ ಎರಡೂ ಬಗೆಯ ಶಿಖರಗಳಿವೆ. ಮಹಾಕೂಟೇಶ್ವರ ಮತ್ತು ಮಲ್ಲಿಕಾರ್ಜುನ ಅಂತಸ್ತುಗಳ ದ್ರಾವಿಡ ಬಗೆಯವು, ಸಂಗಮೇಶ್ವರ ಬಾಗಿದ ಶಿಖರದ ನಾಗರ ಬಗೆಯದು. ಪಟ್ಟದಕಲ್ಲಿನಲ್ಲಿ ಚಾಲುಕ್ಯ ರಾಜ ವಿಜಯಾದಿತ್ಯ ಕಟ್ಟಿಸಿದ ಸಂಗಮೇಶ್ವರ, ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ, ಆಕೆಯ ತಂಗಿ ತ್ರೈಲೋಕ್ಯಮಹಾದೇವಿ ಕಟ್ಟಿಸಿದ ಮಲ್ಲಿಕಾರ್ಜುನ, ಮೂರೂ ದ್ರಾವಿಡ. ಗಳಗನಾಥ, ಜಂಬುಲಿಂಗ, ಕಾಡಸಿದ್ಧೇಶ್ವರ, ಕಾಶಿ ವಿಶ್ವನಾಥ ನಾಗರ. ಒಂದೇ ರಾಜ್ಯ, ಒಂದೇ ಹೊಳೆ, ಒಂದೇ ಸೀಮೆಯ ಮರಳುಗಲ್ಲು. ಪಾಪನಾಥದಲ್ಲಂತೂ ಮೇಲೆ ನಾಗರ ಶಿಖರ, ಕೆಳಗೆ ವಿರೂಪಾಕ್ಷವನ್ನು ನೆನಪಿಸುವ ದಕ್ಷಿಣದ ಅಂಶಗಳು, ಗೋಡೆಯ ಮೇಲೆ ರಾಮಾಯಣ. ಎರಡು ಜನಾಂಗಗಳು ಸರದಿಯ ಮೇಲೆ ಬಂದು ಇವನ್ನು ಕಟ್ಟಿದವೆಂದು ಯಾರು ತಾನೇ ನಂಬಿಯಾರು?

ನಂಬುವ ಅಗತ್ಯವೂ ಇಲ್ಲ, ಕಟ್ಟಿದವರು ತಮ್ಮ ಹೆಸರು ಬಿಟ್ಟುಹೋಗಿದ್ದಾರೆ. ಲೋಕಮಹಾದೇವಿಯ ಪತಿ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಮೂರು ಬಾರಿ ಗೆದ್ದ ನೆನಪಿಗೆ ಎದ್ದ ವಿರೂಪಾಕ್ಷ ಗುಡಿಯಲ್ಲಿ ಅನಿವಾರಿತಾಚಾರಿ ಎಂಬ ಬಿರುದಿನ ಗುಂಡನ ಹೆಸರಿದೆ. ತ್ರಿಭುವನಾಚಾರಿ ಎಂಬ ಬಿರುದೂ ಅವನಿಗೆ ಸಂದಿತ್ತು. ತೆಂಕಣ ದಿಕ್ಕಿನ ಸೂತ್ರಧಾರಿಯೆಂದು ಹೊಗಳಿಸಿಕೊಂಡ ಸರ್ವಸಿದ್ಧಿ ಆಚಾರಿಯ ಶಾಸನವೂ ಅಲ್ಲೇ ಇದೆ. ಅತ್ತ ಪಾಪನಾಥದಲ್ಲಿ ಹೆಸರು ಕೊರೆಸಿದ ರೇವಡಿ ಓವಜ್ಜ ತಾನು ಸರ್ವಸಿದ್ಧಿ ಆಚಾರಿಗಳ ಬಳಗದವನೆಂದು ಹೇಳಿಕೊಳ್ಳುತ್ತಾನೆ. ದ್ರಾವಿಡ ವಿಮಾನದ ಗುಡಿಯಲ್ಲೂ ನಾಗರ ಶಿಖರದ ಗುಡಿಯಲ್ಲೂ ಒಂದೇ ಬಳಗದ ಚಾಣ. ಈ ಶಾಸನಗಳನ್ನು ಓದಿ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಪ್ರಕಟಿಸಿದವರು ಜೆ. ಎಫ್. ಫ್ಲೀಟ್, ಅದೂ ಫರ್ಗುಸನ್ ಬದುಕಿದ್ದಾಗಲೇ. ಜನಾಂಗ ಸಿದ್ಧಾಂತವನ್ನು ಕೆಡವುವ ಸಾಕ್ಷಿ ಇಂಗ್ಲಿಷಿನಲ್ಲೇ, ಅದೇ ವಿದ್ವತ್ ವಲಯದ ಪತ್ರಿಕೆಯಲ್ಲೇ ಅಚ್ಚಾಗಿತ್ತು.

ನಕ್ಷೆಯನ್ನು ಸ್ವಲ್ಪ ಹಿಗ್ಗಿಸಿ ನೋಡಿದರೂ ಸಿದ್ಧಾಂತ ನಿಲ್ಲುವುದಿಲ್ಲ. ತೆಲುಗು ಸೀಮೆಯ ಆಲಂಪುರದಲ್ಲಿ ಇದೇ ಚಾಲುಕ್ಯರ ಕಾಲದ ನಾಗರ ಗುಡಿಗಳು ಸಾಲಾಗಿ ನಿಂತಿವೆ. ಮರಾಠಿ ಸೀಮೆಯ ಎಲ್ಲೋರದ ಕೈಲಾಸ, ನಮ್ಮ ವಿರೂಪಾಕ್ಷನ ನೆರಳಿನಲ್ಲಿ ಕೊರೆದ ದ್ರಾವಿಡ ಗುಡಿ. ‘ಆರ್ಯ’ ಭಾಷೆಯ ನಾಡಿನಲ್ಲಿ ದ್ರಾವಿಡ, ‘ದ್ರಾವಿಡ’ ಭಾಷೆಯ ನಾಡಿನಲ್ಲಿ ನಾಗರ. ನಮ್ಮ ಕುಶಲಕರ್ಮಿಗಳಿಗೆ ಇವು ಕಲಿತು ಕಟ್ಟುವ ಬಗೆಗಳಾಗಿದ್ದವು. ಹೊಳಲಿನ ಶಾಸನವೊಂದು ನಾಗರ, ಕಳಿಂಗ, ದ್ರಾವಿಡ, ವೇಸರ ನಾಲ್ಕನ್ನೂ ಬಲ್ಲ ಒಬ್ಬನೇ ಶಿಲ್ಪಿ ಬಮ್ಮೋಜನನ್ನು ಕೊಂಡಾಡುತ್ತದೆ. ನಾಲ್ಕು ಜನಾಂಗಗಳ ರಕ್ತ ಒಬ್ಬನ ಮೈಯಲ್ಲಿ ಹರಿಯುತ್ತಿತ್ತೇ?

ಇಷ್ಟೆಲ್ಲ ಸಾಕ್ಷಿ ಎದುರಿಗಿದ್ದೂ ಕಾಣದೆ ಹೋದದ್ದಕ್ಕೆ ಕಾರಣವೇನು? ನನಗನಿಸುವ ಮಟ್ಟಿಗೆ ಇಲ್ಲಿನ ಪ್ರಶ್ನೆ ಕಟ್ಟಡಗಳನ್ನು ಮೀರಿದ್ದು, ಯಾರು ಯಾರ ಬಗ್ಗೆ ತೀರ್ಪು ಕೊಡಬಹುದು ಎಂಬುದು. ಬೆಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದ ರಾಮ್ ರಾಜ್, ದಕ್ಷಿಣದ ಶಿಲ್ಪಿಗಳೊಡನೆ ಕೂತು ‘ಮಾನಸಾರ’ ಮೊದಲಾದ ಗ್ರಂಥಗಳನ್ನು ಅರ್ಥ ಮಾಡಿಕೊಂಡು ಬರೆದ ಪ್ರಬಂಧವನ್ನು ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿ 1834ರಲ್ಲೇ ಪ್ರಕಟಿಸಿತ್ತು. ಅಲ್ಲಿ ಅಧಿಷ್ಠಾನ, ಸ್ತಂಭ, ವಿಮಾನಗಳಿಗೆ ಕಟ್ಟುವವರೇ ಬಳಸುವ ಹೆಸರುಗಳಿದ್ದವು, ಅಳತೆಗಳಿದ್ದವು. ಆ ದಾರಿ ಹಿಡಿದಿದ್ದರೆ ನಮ್ಮ ಗುಡಿಗಳ ಚರಿತ್ರೆ ಬೇರೆಯೇ ಆಗುತ್ತಿತ್ತು. ಫರ್ಗುಸನ್ ಹಿಡಿದ ದಾರಿ ಬೇರೆ. 1884ರಲ್ಲಿ ಅವರು ಬಂಗಾಳದ ವಿದ್ವಾಂಸ ರಾಜೇಂದ್ರಲಾಲ್ ಮಿತ್ರರ ವಿರುದ್ಧ ಒಂದು ಇಡೀ ಪುಸ್ತಕವನ್ನೇ ಬರೆದರು. ಭಾರತದ ಕಲ್ಲಿನ ವಾಸ್ತು ಗ್ರೀಕರಿಂದ ಬಂದದ್ದಲ್ಲ ಎಂದು ವಾದಿಸಿದ್ದವರು ಮಿತ್ರ. ಅವರ ವಿದ್ವತ್ತನ್ನು ಅಲ್ಲಗಳೆಯುವುದಕ್ಕೇ ಫರ್ಗುಸನ್ ನಿಲ್ಲಲಿಲ್ಲ. ಇಂಥವರ ಕೈಗೆ ಯುರೋಪಿಯನ್ನರ ಮೇಲೆ ಅಧಿಕಾರ ಕೊಡಬಹುದೇ ಎಂಬ ರಾಜಕೀಯಕ್ಕೂ ಆ ವಾದವನ್ನು ಒಡ್ಡಿದರು.

ಅದು ಇಲ್ಬರ್ಟ್ ಮಸೂದೆಯ ಕಾಲ. ಭಾರತೀಯ ಮ್ಯಾಜಿಸ್ಟ್ರೇಟರು ಬಿಳಿಯರನ್ನು ವಿಚಾರಣೆ ಮಾಡಬಹುದು ಎಂಬ 1883ರ ಪ್ರಸ್ತಾಪಕ್ಕೆ ಇಲ್ಲಿನ ಇಂಗ್ಲಿಷರು ಕೆರಳಿ ನಿಂತರು. ಮರುವರ್ಷ ರಾಜಿಯಾಯಿತು: ಆರೋಪಿ ಯುರೋಪಿಯನ್ ಬ್ರಿಟಿಷ್ ಪ್ರಜೆಯಾದರೆ, ಕನಿಷ್ಠ ಅರ್ಧದಷ್ಟು ಮಂದಿ ಯುರೋಪಿಯನ್ನರು ಅಥವಾ ಅಮೆರಿಕನ್ನರಿರುವ ಜ್ಯೂರಿಯನ್ನು ಆತ ಕೇಳಬಹುದು. ಅಮೆರಿಕನ್ನರು ಬ್ರಿಟಿಷ್ ಪ್ರಜೆಗಳಲ್ಲ, ಒಂದು ಕಾಲಕ್ಕೆ ಬ್ರಿಟನ್ನಿನ ವಿರುದ್ಧ ಯುದ್ಧ ಮಾಡಿ ಬೇರೆಯಾದವರು. ಆದರೂ ಕಾನೂನು ಅವರನ್ನು ಒಳಗಿನವರ ಪಟ್ಟಿಗೆ ಸೇರಿಸಿತು. ದೇಶ, ರಾಜ, ಕಾನೂನು ಯಾವುದೂ ಒಂದಲ್ಲದವರನ್ನು ಒಟ್ಟುಗೂಡಿಸಿದ್ದು ಬಣ್ಣ. ಬಿಳಿತನ ಚರ್ಮದ ಗುಣವಾಗಿರದೆ ಅಧಿಕಾರದ ಏರ್ಪಾಡಾಗಿತ್ತು ಎನ್ನಲು ಕಲಕತ್ತೆಯ ಕಾನೂನು ಪುಸ್ತಕದ ಈ ಸಾಲು ಸಾಕು.

ಅಮೆರಿಕದಲ್ಲಿ ಇದೇ ಏರ್ಪಾಡು ಇನ್ನೂ ಬೆತ್ತಲೆಯಾಗಿ ಕಾಣುತ್ತದೆ. 1790ರ ಅಲ್ಲಿನ ಕಾನೂನು ಪೌರತ್ವವನ್ನು ಸ್ವತಂತ್ರ ಬಿಳಿಯರಿಗೆ ಮಾತ್ರ ತೆರೆದಿಟ್ಟಿತ್ತು. ಬಿಳಿಯರೆಂದರೆ ಯಾರು? 1922ರ ನವೆಂಬರಿನಲ್ಲಿ ಜಪಾನಿನ ತಕಾವೊ ಒಝಾವಾ ಅವರ ಅರ್ಜಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ಚರ್ಮದ ಬಣ್ಣ ಮುಖ್ಯವಲ್ಲ, ‘ಕಕೇಶಿಯನ್’ ಜನಾಂಗದವರೇ ಬಿಳಿಯರು ಎಂದು ನ್ಯಾಯಮೂರ್ತಿ ಜಾರ್ಜ್ ಸದರ್ಲೆಂಡ್ ಬರೆದರು. ಒಝಾವಾ ಹೊರಗುಳಿದರು. ಮೂರು ತಿಂಗಳ ನಂತರ ಬಂದವರು ಪಂಜಾಬಿನ ಭಗತ್ ಸಿಂಗ್ ಥಿಂಡ್, ಅಮೆರಿಕದ ಸೈನ್ಯದಲ್ಲಿ ಸೇವೆ ಮಾಡಿದ್ದ ಸಿಖ್. ಜನಾಂಗಶಾಸ್ತ್ರದ ಗ್ರಂಥಗಳ ಪ್ರಕಾರ ತಾನು ಆರ್ಯ, ಆದ್ದರಿಂದ ಕಕೇಶಿಯನ್, ಆದ್ದರಿಂದ ಬಿಳಿಯ ಎಂಬುದು ಅವರ ವಾದ. ಅದೇ ಸದರ್ಲೆಂಡ್ ಈಗ ಶಾಸ್ತ್ರವನ್ನು ಬದಿಗೆ ಸರಿಸಿದರು: ಸಾಮಾನ್ಯ ಮನುಷ್ಯ ಯಾರನ್ನು ಬಿಳಿಯನೆಂದು ತಿಳಿಯುತ್ತಾನೋ ಅವನೇ ಬಿಳಿಯ. 1923ರ ಫೆಬ್ರವರಿ 19ರ ಈ ತೀರ್ಪಿನ ಬಳಿಕ, ಅದಾಗಲೇ ಅಮೆರಿಕನ್ನರಾಗಿದ್ದ ಹಲವು ಭಾರತೀಯರ ಪೌರತ್ವವನ್ನೂ ಕಿತ್ತುಕೊಳ್ಳಲಾಯಿತು. ಅವರಲ್ಲೊಬ್ಬರಾದ ವೈಷ್ಣೋ ದಾಸ್ ಬಗಾಯಿ 1928ರಲ್ಲಿ ಪ್ರಾಣ ಕಳೆದುಕೊಂಡರು. ಜನಾಂಗ ಕಟ್ಟುಕಥೆಯಾದರೇನು, ಅದು ಕೊಲ್ಲಬಲ್ಲದು.

ಥಿಂಡ್ ಪ್ರಕರಣವನ್ನು ಓದುವಾಗ ನನ್ನನ್ನು ಹೆಚ್ಚು ಕಲಕುವುದು ಅವರ ಪರವಾಗಿ ಮಂಡಿಸಿದ ವಾದವೇ. ಮೇಲ್ಜಾತಿಯ ಹಿಂದೂ ಕೆಳಗಿನವರೊಡನೆ ಮದುವೆ ಸಂಬಂಧ ಬೆಳೆಸುವುದಿಲ್ಲ, ಅಮೆರಿಕನ್ನರು ನೀಗ್ರೋಗಳನ್ನು ಕಾಣುವಂತೆಯೇ ಕಾಣುತ್ತಾನೆ, ಹಾಗಾಗಿ ರಕ್ತ ಶುದ್ಧವಾಗಿದೆ ಎಂದು ಅಲ್ಲಿ ಹೇಳಲಾಯಿತು. ಬಿಳಿತನದ ಬಾಗಿಲು ತಟ್ಟಲು ಜಾತಿಯ ಕ್ರೌರ್ಯವನ್ನೇ ಅರ್ಹತಾಪತ್ರವಾಗಿ ಹಿಡಿದಿದ್ದರು. ಮಿತ್ರ ಕೂಡ 1881ರ ತಮ್ಮ ಸಂಪುಟಗಳಿಗೆ ‘ಇಂಡೋ-ಆರ್ಯನ್ಸ್’ ಎಂದೇ ಹೆಸರಿಟ್ಟಿದ್ದರು. ಅವಮಾನಿಸಿದವರ ಕೈಯ ಅಳತೆಗೋಲನ್ನು ತಿರಸ್ಕರಿಸುವ ಬದಲು ಅದರಲ್ಲೇ ನಮ್ಮನ್ನು ಎತ್ತರವಾಗಿ ಅಳೆದುಕೊಳ್ಳುವ ಆಸೆ. ದಕ್ಷಿಣದಲ್ಲಿ ‘ದ್ರಾವಿಡ’ ಎಂಬ ಗುರುತಿಗೆ ಬೇರೆ ಚರಿತ್ರೆ ಇದೆ ಎಂಬುದನ್ನು ಒಪ್ಪುತ್ತೇನೆ. ಪೆರಿಯಾರ್ ಮತ್ತು ಅವರ ಅನುಯಾಯಿಗಳ ಕೈಯಲ್ಲಿ ಅದು ಜಾತಿಯ ವಿರುದ್ಧ ಎತ್ತಿದ ಬಾವುಟ, ಅಮೆರಿಕದ ಕರಿಯರು ತಮ್ಮ ಬಣ್ಣವನ್ನೇ ಹೆಮ್ಮೆಯಾಗಿ ಎತ್ತಿಹಿಡಿದಂತೆ. ತುಳಿತಕ್ಕೆ ಒಳಗಾದವರು ಒಂದಾಗಲು ಕಟ್ಟಿಕೊಂಡ ಗುರುತನ್ನೂ ತುಳಿಯಲು ಕಟ್ಟಿದ ಗುರುತನ್ನೂ ಒಂದೇ ತಕ್ಕಡಿಯಲ್ಲಿಡಬಾರದು. ಆದರೆ ಆ ಹೋರಾಟದ ಹೆಸರನ್ನು ಎಂಟನೇ ಶತಮಾನದ ವಿಮಾನದ ಮೇಲೆ ರಕ್ತದ ಅರ್ಥದಲ್ಲಿ ಅಂಟಿಸಿದರೆ ನಾವು ಮತ್ತೆ ಫರ್ಗುಸನ್ ಕೈಗೇ ಬೀಳುತ್ತೇವೆ.

1987ರಲ್ಲಿ ಪಟ್ಟದಕಲ್ಲು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಯುನೆಸ್ಕೊ ಕೊಟ್ಟ ಕಾರಣ, ಉತ್ತರ ಮತ್ತು ದಕ್ಷಿಣದ ರೂಪಗಳ ಸಾಮರಸ್ಯದ ಬೆರಕೆ. ಒಳ್ಳೆಯ ಮನಸ್ಸಿನ ಮಾತು ಇದು, ಜನಾಂಗದ ಹೆಸರೂ ಇಲ್ಲ. ಆದರೂ ನನಗೆ ತೃಪ್ತಿಯಿಲ್ಲ. ಬೆರಕೆ ಎನ್ನಲು ಮೊದಲು ಎರಡು ಶುದ್ಧ ವಸ್ತುಗಳು ಬೇರೆಬೇರೆಯಾಗಿ ಸಿದ್ಧವಾಗಿರಬೇಕು. ಏಳು-ಎಂಟನೇ ಶತಮಾನದಲ್ಲಿ ನಾಗರವೂ ದ್ರಾವಿಡವೂ ಇನ್ನೂ ಹದಗೊಳ್ಳುತ್ತಿದ್ದ ರೂಪಗಳು. ಅವು ರೂಪ ಪಡೆದ ಜಾಗಗಳಲ್ಲಿ ಐಹೊಳೆ, ಬಾದಾಮಿ, ಪಟ್ಟದಕಲ್ಲು ಕೂಡ ಸೇರಿವೆ. ಬೇರೆಲ್ಲಿಂದಲೋ ಬಂದದ್ದನ್ನು ಇಲ್ಲಿ ಕಲಸಿದರು ಎನ್ನುವುದು ನಮ್ಮ ಆಚಾರಿಗಳ ಕಲ್ಪನಾಶಕ್ತಿಗೆ ಮಾಡುವ ಅನ್ಯಾಯ.

ಈ ಅನ್ಯಾಯವನ್ನು ಸರಿಪಡಿಸುವ ಕೆಲಸ ನಡೆದಿದೆ. ಎಂ. ಎ. ಢಾಕಿ 1977ರಲ್ಲಿ ಕರ್ನಾಟಕದ ಶಾಸನಗಳಲ್ಲಿ ಬರುವ ಗುಡಿಯ ಬಗೆಗಳನ್ನು ಕಟ್ಟಡಗಳ ಜೊತೆ ಇಟ್ಟು ಓದಿದರು. ಆಡಮ್ ಹಾರ್ಡಿ 1995ರ ತಮ್ಮ ಪುಸ್ತಕದಲ್ಲಿ ಕರ್ನಾಟ ದ್ರಾವಿಡ ಪರಂಪರೆಯನ್ನು, ಒಂದು ಪುಟ್ಟ ಗುಡಿಯ ರೂಪ ಇನ್ನೊಂದರೊಳಗಿಂದ ಹೇಗೆ ಹೊಮ್ಮುತ್ತದೆ ಎಂಬ ರಚನೆಯ ತರ್ಕದಿಂದಲೇ ವಿವರಿಸಿದರು. ಇಬ್ಬರಿಗೂ ರಕ್ತದ ಹಂಗು ಬೇಕಾಗಲಿಲ್ಲ. ಇಂಥ ಓದು ನಮ್ಮ ಹೈಸ್ಕೂಲು ಪುಸ್ತಕಗಳಿಗೆ, ಬಾದಾಮಿಯ ಗೈಡುಗಳ ತರಬೇತಿಗೆ ಕನ್ನಡದಲ್ಲಿ ಇಳಿದು ಬರಬೇಕು.

ಆಗ ಕೇಳಬಹುದಾದ ಪ್ರಶ್ನೆಗಳು ಬೇಕಾದಷ್ಟಿವೆ. ರಾಜ ರಾಣಿಯರು ತಮ್ಮ ಹೆಸರಿನ ದೊಡ್ಡ ಗುಡಿಗಳಿಗೆ ದ್ರಾವಿಡ ವಿಮಾನವನ್ನೇ ಆರಿಸಿಕೊಂಡದ್ದು ಏಕೆ? ಗಳಗನಾಥಕ್ಕೆ ನಾಗರ ಶಿಖರ ಬೇಕೆಂದವರು ಯಾರು, ಆಲಂಪುರದಲ್ಲಿ ಅವರು ಏನನ್ನು ಕಂಡು ಬಂದಿದ್ದರು? ಸರ್ವಸಿದ್ಧಿ ಆಚಾರಿಗಳ ಬಳಗ ಎರಡು ಬಗೆಯನ್ನೂ ಮಕ್ಕಳಿಗೆ ಹೇಗೆ ಕಲಿಸುತ್ತಿತ್ತು, ಪಾಪನಾಥದಲ್ಲಿ ನಾಗರ ಶಿಖರದ ಕೆಳಗೆ ದಕ್ಷಿಣದ ಅಂಶಗಳು ಬಂದದ್ದು ಯಾರ ಮಾತಿಗೆ?