‘ಒಂದೆರಡು ಕಡೆ’ ಎಂಬ ಎಚ್ಚರಿಕೆ

2023ರ ಅಕ್ಟೋಬರ್ 12ರಂದು ಕರ್ನಾಟಕದ ಮೊಬೈಲುಗಳು ಇದ್ದಕ್ಕಿದ್ದಂತೆ ಕೂಗಿಕೊಂಡವು. ವಿಕೋಪದ ಎಚ್ಚರಿಕೆ ಸಾರುವ ಸೆಲ್ ಬ್ರಾಡ್‌ಕಾಸ್ಟ್ ವ್ಯವಸ್ಥೆಯ ಪರೀಕ್ಷೆ. ನಮ್ಮ ಅತ್ತೆ ಫೋನನ್ನು ದಿಂಬಿನಡಿ ತುರುಕಿ, “ಇದಕ್ಕೆ ಏನೋ ಬಡಿದಿದೆ ನೋಡು” ಅಂದರು.

ಏರ್ಪಾಡು ಮಾತ್ರ ಚೆನ್ನಾಗಿದೆ. ಎಸ್ಸೆಮ್ಮೆಸ್ ಒಂದೊಂದು ನಂಬರಿಗೆ ಬೇರೆಬೇರೆಯಾಗಿ ಹೋಗಬೇಕು. ಇದು ಟವರಿನ ವ್ಯಾಪ್ತಿಯಲ್ಲಿ ಯಾರಿದ್ದರೂ ಒಟ್ಟಿಗೇ ಮುಟ್ಟುತ್ತದೆ, ನಂಬರೇ ಬೇಡ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿಗೆ ಬಿತ್ತಲ್ಲ, ಆ ಮಣ್ಣಿಗೆ ಸಿಕ್ಕವರಲ್ಲಿ ಹೊರರಾಜ್ಯದ ಲಾರಿ ಚಾಲಕರೂ ಇದ್ದರು. ಅಂಥ ದಾರಿಹೋಕರ ಕಿವಿಗೂ ಬೀಳಬಲ್ಲ ಡಂಗುರ ಇದೊಂದೇ.

ನನ್ನ ತಕರಾರು ಕೂಗಿನ ಮೇಲಲ್ಲ, ಕೂಗಿ ಹೇಳುವ ಮಾತಿನ ಮೇಲೆ.

ಮಳೆಗಾಲದ ಸಂದೇಶಗಳ ಸಾರ ಹೆಚ್ಚುಕಡಿಮೆ ಒಂದೇ: ಮುಂದಿನ ಮೂರು ಗಂಟೆಯಲ್ಲಿ ಜಿಲ್ಲೆಯ ಒಂದೆರಡು ಕಡೆ ಗುಡುಗು, ಗಾಳಿ, ಮಳೆ. ಹವಾಮಾನ ಇಲಾಖೆಗೆ ಈ ‘ಒಂದೆರಡು ಕಡೆ’ ಬಾಯಿಮಾತಲ್ಲ, ಅಳತೆ. ಮಳೆ ಅಳೆಯುವ ಕೇಂದ್ರಗಳಲ್ಲಿ ಕಾಲುಭಾಗ ಅಥವಾ ಅದಕ್ಕೂ ಕಡಿಮೆ ಕಡೆ ಮಳೆ ಬೀಳಬಹುದು ಎಂದರ್ಥ. ಓದುವವನಿಗೋ, ಒಂದೆರಡು ಕಡೆ ಅಂದರೆ ನಮ್ಮೂರಲ್ಲ, ಇನ್ನೆಲ್ಲೋ. ಬಣ್ಣಗಳ ಪಾಡೂ ಇದೇ. ದಿನಕ್ಕೆ 204.4 ಮಿಲಿಮೀಟರ್ ಮೀರಿ ಸುರಿಯಬಹುದು ಎಂದಾಗ ಕೊಡುವ ರೆಡ್ ಅಲರ್ಟ್, ಕರಾವಳಿಯ ಮಕ್ಕಳ ಬಾಯಲ್ಲಿ ಶಾಲೆಗೆ ರಜೆ ಎಂಬುದರ ಇನ್ನೊಂದು ಹೆಸರು. ಮಕ್ಕಳದೇನು ತಪ್ಪು? ಇಲಾಖೆಯ ಸಂಕೇತದಲ್ಲಿ ಕೆಂಪು ಎಂದರೆ ‘ಕ್ರಮ ಕೈಗೊಳ್ಳಿ’. ಯಾವ ಕ್ರಮ, ಯಾರು, ಎಷ್ಟು ಹೊತ್ತಿನೊಳಗೆ? ಬಣ್ಣದಿಂದ ಅದು ತಿಳಿಯುವುದಿಲ್ಲ. ರಜೆಯೊಂದೇ ಜನರ ಕಣ್ಣಿಗೆ ಕಾಣುವ ಕ್ರಮ.

ಜಿಲ್ಲೆ ಎಂಬ ಅಳತೆಗೋಲೇ ಮಳೆಗೆ ಹೊಂದುವುದಿಲ್ಲ. ಕೊಡಗನ್ನೇ ನೋಡಿ: ಭಾಗಮಂಡಲದ ಮಳೆಯೇ ಬೇರೆ, ಕುಶಾಲನಗರದ ಮಳೆಯೇ ಬೇರೆ. ಎರಡಕ್ಕೂ ಒಂದೇ ಬಣ್ಣ ಬಳಿದರೆ ಕುಶಾಲನಗರದವನು ನಾಲ್ಕು ಸಲ ನಕ್ಕು ಐದನೆಯದನ್ನು ಓದದೆ ಅಳಿಸುತ್ತಾನೆ. ಹೊಟ್ಟೆ ಉರಿಯುವುದು ಇದಕ್ಕೆ: ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕ ನೆಟ್ಟಿದೆ. ಯಾವ ಪಂಚಾಯಿತಿಯಲ್ಲಿ ಎಷ್ಟು ಬಿತ್ತು ಎಂಬ ಲೆಕ್ಕ ಕೈಯಲ್ಲಿದೆ. ಇಷ್ಟು ಮಣ್ಣು ನೆನೆದಾಗಿದೆ, ಈ ಇಳಿಜಾರಿನ ಕೆಳಗಿನ ಮನೆಯವರು ಇವತ್ತು ರಾತ್ರಿ ಶಾಲೆಯಲ್ಲಿ ಮಲಗಿ ಎಂದು ಹೇಳುವುದಕ್ಕೆ ಬೇಕಾದ ಮೊದಲ ಸಾಮಗ್ರಿ ಅದೇ ತಾನೆ?

ಸಿಡಿಲಿನ ವಿಷಯದಲ್ಲಿ ಕೆಲಸ ಇದಕ್ಕಿಂತ ಎಷ್ಟೋ ಮೇಲು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ನೀವು ನಿಂತ ಜಾಗದಿಂದ 20, 40 ಕಿಲೋಮೀಟರ್ ವ್ಯಾಪ್ತಿಯಲ್ಲಿ ಸಿಡಿಲಿನ ಸುಳಿವು ಕೊಟ್ಟು, ಏನು ಮಾಡಬೇಕೆಂದೂ ಹೇಳುತ್ತದೆ. ಇಲ್ಲಿ ಲೆಕ್ಕದ ಕೇಂದ್ರ ಜಿಲ್ಲೆಯಲ್ಲ, ನಾವು. ಆದರೆ ಅದಕ್ಕೆ ಇಂಟರ್ನೆಟ್ ಇರುವ ಫೋನು ಬೇಕು. ಬಯಲಲ್ಲಿ ಕುರಿ ಮೇಯಿಸುವವನ ಸೊಂಟದಲ್ಲಿರುವುದು ಇನ್ನೂ ಬಟನ್ ಫೋನು.

ಮಲೆನಾಡಲ್ಲಿ ಇನ್ನೊಂದು ಸಂಕಟ. ಗಾಳಿಗೆ ಮರ ಬಿದ್ದು ಕರೆಂಟು ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಸಾಯುತ್ತದೆ. ಹಾಗಾಗಿ ಕರೆಂಟಿರುವಾಗಲೇ ಬರುವ ಆ ಒಂದು ಸಂದೇಶದಲ್ಲಿ ಊರಿನ ಹೆಸರು ಮತ್ತು ಮಾಡಬೇಕಾದ ಕೆಲಸ ಎರಡೂ ಇರಲೇಬೇಕು. ಸದ್ಯಕ್ಕೆ ಬರುತ್ತಿರುವವು ಮಳೆಯ ವರ್ತಮಾನಗಳು, ಎಚ್ಚರಿಕೆಗಳಲ್ಲ.

ಅಂಥ ಸಂದೇಶ ಬರುವವರೆಗೆ, ನಮ್ಮೂರಿನ ಪಾಡೇನು ಎಂದು ಕನ್ನಡದಲ್ಲೇ ಕೇಳುವುದಕ್ಕೆ ಅದೇ ಉಸ್ತುವಾರಿ ಕೇಂದ್ರದ ‘ವರುಣ ಮಿತ್ರ’ ಸಹಾಯವಾಣಿ ಇದೆ. ನಂಬರು 92433 45433. ಬಟನ್ ಫೋನಿನಿಂದಲೂ ಕರೆ ಮಾಡಬಹುದು.