ತೀರ್ಪಿನ ಗುಂಡಿ: ನ್ಯಾಯಾಲಯದ ಆಟಗಳು ಕಲಿಸುವುದೇನು?

ಗಣಕದ ಆಟಗಳನ್ನು ಮಕ್ಕಳ ಕಾಲಹರಣವೆಂದು ತಳ್ಳಿಹಾಕುವ ಕಾಲ ಮುಗಿದಿದೆ. ಪ್ರೌಢಶಾಲೆಯ ವಿದ್ಯಾರ್ಥಿಯೂ ಇಂದು ಸ್ಕ್ರ್ಯಾಚ್‌ನಂತಹ ಉಚಿತ ತಂತ್ರಾಂಶದ ನೆರವಿನಿಂದ ಪುಟ್ಟ ಆಟವೊಂದನ್ನು ತಾನೇ ರಚಿಸಬಲ್ಲ. ಕೊಟ್ಟ ವಿಷಯದ ಮೇಲೆ, ನಿಗದಿತ ಅವಧಿಯೊಳಗೆ, ಸಾಮಾನ್ಯವಾಗಿ 48 ಗಂಟೆಗಳಲ್ಲಿ ಆಟ ರಚಿಸುವ ಕೂಟಕ್ಕೆ 'ಗೇಮ್ ಜಾಮ್' ಎಂದು ಹೆಸರು. 2002ರಲ್ಲಿ ಆರಂಭವಾದ ಲೂಡಮ್ ಡೇರ್ ಮತ್ತು 2009ರಲ್ಲಿ ಮೊದಲ ಬಾರಿಗೆ ನಡೆದ ಗ್ಲೋಬಲ್ ಗೇಮ್ ಜಾಮ್ ಇವುಗಳಲ್ಲಿ ಪ್ರಸಿದ್ಧವಾದವು. ಎರಡನೆಯದು ಬೆಂಗಳೂರಿನಲ್ಲೂ ನಡೆದಿದೆ.

ಅಷ್ಟು ಕಡಿಮೆ ಸಮಯದಲ್ಲಿ ಕೆಲಸ ಮುಗಿಸಬೇಕಾದವರಿಗೆ ನ್ಯಾಯಾಲಯವು ಬಹಳ ಅನುಕೂಲವಾದ ವಸ್ತು. ಓಡುವ, ಜಿಗಿಯುವ ಚಿತ್ರಗಳು ಬೇಕಿಲ್ಲ. ಒಂದು ಕೊಠಡಿ, ಒಬ್ಬ ಆರೋಪಿ, ನಾಲ್ಕು ಸಾಲಿನ ಸಾಕ್ಷ್ಯ, ಕೆಳಗೆ 'ತಪ್ಪಿತಸ್ಥ', 'ನಿರ್ದೋಷಿ' ಎಂಬ ಎರಡು ಗುಂಡಿಗಳಿದ್ದರೆ ಸಾಕು. ಸರಿಯಾದ ಗುಂಡಿ ಒತ್ತಿದರೆ ಅಂಕ ಏರುತ್ತದೆ, ತಪ್ಪಾದರೆ ಇಳಿಯುತ್ತದೆ. ಈ ಸರಳ ವಿನ್ಯಾಸದಲ್ಲಿ ಒಂದು ವೈಜ್ಞಾನಿಕ ದೋಷ ಅಡಗಿದೆ. ಅದನ್ನು ಕೆಲವು ಪ್ರಸಿದ್ಧ ಆಟಗಳ ಮೂಲಕ ಪರಿಶೀಲಿಸೋಣ.

ಉತ್ತರ ಮೊದಲೇ ಗೊತ್ತಿರುವ ಆಟ

ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆ 2001ರಲ್ಲಿ ಹೊರತಂದ 'ಏಸ್ ಅಟಾರ್ನಿ' ಸರಣಿಯ ಮೊದಲ ಆಟದಲ್ಲಿ ಆಟಗಾರನು ಆರೋಪಿಯ ಪರ ವಕೀಲ. ಸಾಕ್ಷಿಯ ಹೇಳಿಕೆಗೂ ಕೈಯಲ್ಲಿರುವ ಪುರಾವೆಗೂ ಇರುವ ವಿರೋಧವನ್ನು ಕಂಡುಹಿಡಿದು ತೋರಿಸಬೇಕು. ಹೇಳಿಕೆಯನ್ನು ಸಾಲು ಸಾಲಾಗಿ ಪರೀಕ್ಷಿಸುವ ಅಭ್ಯಾಸವನ್ನು ಈ ಆಟ ಚೆನ್ನಾಗಿ ಕಲಿಸುತ್ತದೆ. ಆದರೆ ಪ್ರತಿ ವಿರೋಧಕ್ಕೂ ಒಂದು ನಿಶ್ಚಿತ ಪುರಾವೆ ಉಂಟು. ಕಕ್ಷಿದಾರ ಬಹುತೇಕ ನಿರ್ದೋಷಿಯೇ. ಕೊನೆಗೆ ನಿಜವಾದ ಅಪರಾಧಿ ಎಲ್ಲರೆದುರು ಕುಸಿಯುತ್ತಾನೆ. ಇದು ಒಳ್ಳೆಯ ಒಗಟು. ಒಗಟಿಗೆ ಉತ್ತರವಿದ್ದೇ ಇರುತ್ತದೆ.

ಲೂಕಾಸ್ ಪೋಪ್ 2013ರಲ್ಲಿ ರಚಿಸಿದ 'ಪೇಪರ್ಸ್, ಪ್ಲೀಸ್' ಇನ್ನೂ ಗಂಭೀರವಾದುದು. ಇಲ್ಲಿ ನ್ಯಾಯಾಲಯವಿಲ್ಲ; ಆಟಗಾರನು ಒಂದು ಕಲ್ಪಿತ ದೇಶದ ಗಡಿ ತಪಾಸಣಾಧಿಕಾರಿ. ಆದರೂ ಕಾಗದಪತ್ರ ನೋಡಿ ಬೇಗ ತೀರ್ಮಾನ ಕೊಡುವ ಸಣ್ಣ ಆಟಗಳಿಗೆ ಇದೇ ಮಾದರಿ. ಬೇಗ ಕೆಲಸ ಮಾಡಿದಷ್ಟೂ ಸಂಬಳ, ಸಂಬಳ ಕಡಿಮೆಯಾದರೆ ಮನೆಯವರಿಗೆ ಊಟವಿಲ್ಲ, ಔಷಧಿಯಿಲ್ಲ. ತೀರ್ಪು ಕೊಡುವವನ ಮೇಲಿನ ಒತ್ತಡವನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಆಟಗಳು ವಿರಳ. ಆದರೆ ತಪ್ಪು ಮುದ್ರೆ ಒತ್ತಿದ ಕೆಲವೇ ಕ್ಷಣಗಳಲ್ಲಿ ಮೇಜಿನ ಯಂತ್ರ ದೋಷಪತ್ರವನ್ನು ಮುದ್ರಿಸುತ್ತದೆ. ಎಲ್ಲವನ್ನೂ ಬಲ್ಲ ಒಂದು ಕಣ್ಣು ಮೇಲೆ ಕುಳಿತಿದೆ ಎಂದಾಯಿತು. ತಾಲ್ಲೂಕು ಕೇಂದ್ರದ ಯಾವ ನ್ಯಾಯಾಧೀಶರ ಮೇಜಿನ ಮೇಲೂ ಅಂತಹ ಯಂತ್ರವಿಲ್ಲ.

ಸತ್ಯವನ್ನು ಅಳೆಯುವ ಯಂತ್ರದ ಆಸೆ ಆಟಗಳಲ್ಲಷ್ಟೇ ಇಲ್ಲ. ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ ಮತ್ತು ಮಿದುಳಿನ ವಿದ್ಯುತ್ ಸಂಕೇತಗಳ ಪರೀಕ್ಷೆಗಳನ್ನು ವ್ಯಕ್ತಿಯ ಒಪ್ಪಿಗೆಯಿಲ್ಲದೆ ನಡೆಸುವುದು ಸಂವಿಧಾನಕ್ಕೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯ 2010ರಲ್ಲಿ ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ ತೀರ್ಪಿತ್ತಿತು. ಸಾಕ್ಷಿಯ ತಲೆಯ ಮೇಲೆ 'ಸತ್ಯದ ಪಟ್ಟಿ' ತೋರಿಸಲು ಹೊರಡುವ ವಿದ್ಯಾರ್ಥಿಗಳು ಈ ತೀರ್ಪಿನ ವಿಷಯವನ್ನು ಮೊದಲು ತಿಳಿಯುವುದು ಒಳ್ಳೆಯದು.

ಉತ್ತರವಿಲ್ಲದ ಆಟ

ಈ ಹಿನ್ನೆಲೆಯಲ್ಲಿ 2019ರ ಅಕ್ಟೋಬರಿನಲ್ಲಿ 'ಎಂಐಟಿ ಟೆಕ್ನಾಲಜಿ ರಿವ್ಯೂ' ಪತ್ರಿಕೆಗಾಗಿ ಕ್ಯಾರೆನ್ ಹಾವ್ ಮತ್ತು ಜೊನಾಥನ್ ಸ್ಟ್ರೇ ರಚಿಸಿದ ನ್ಯಾಯಾಲಯದ ಆಟ ಗಮನಾರ್ಹವಾದುದು. ಅಮೆರಿಕದ ಕೆಲವು ನ್ಯಾಯಾಲಯಗಳು ಬಳಸುವ 'ಕಾಂಪಾಸ್' ಎಂಬ ತಂತ್ರಾಂಶವು ಆರೋಪಿಯು ಮತ್ತೆ ಅಪರಾಧ ಮಾಡುವ ಸಾಧ್ಯತೆಗೆ 1ರಿಂದ 10ರವರೆಗೆ ಅಂಕ ಕೊಡುತ್ತದೆ. ಆಟದಲ್ಲಿ ಫ್ಲಾರಿಡಾ ರಾಜ್ಯದ ಬ್ರೋವರ್ಡ್ ಕೌಂಟಿಯ ನಿಜವಾದ ದಾಖಲೆಗಳಿಂದ ಆಯ್ದ ಆರೋಪಿಗಳು ಚುಕ್ಕಿಗಳಾಗಿ ಕಾಣುತ್ತಾರೆ. ಆಟಗಾರನ ಕೈಯಲ್ಲಿರುವುದು ಒಂದೇ ಗೆರೆ. ಅದನ್ನು ಎಡಬಲಕ್ಕೆ ಸರಿಸಬಹುದು. ಗೆರೆಯ ಮೇಲಿನ ಅಂಕದವರು ವಿಚಾರಣೆ ಮುಗಿಯುವವರೆಗೆ ಸೆರೆಯಲ್ಲಿ, ಕೆಳಗಿನವರು ಬಿಡುಗಡೆ.

ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಈ ಗೆರೆ ಪರಿಚಿತವೇ. ಸಿಂಟಿಲೇಷನ್ ಕೌಂಟರಿನಲ್ಲಿ ಡಿಸ್ಕ್ರಿಮಿನೇಟರ್ ಮಟ್ಟವನ್ನು ಕೆಳಗಿಟ್ಟರೆ ಗದ್ದಲವೂ ಕಣವೆಂದು ಎಣಿಕೆಯಾಗುತ್ತದೆ. ಮೇಲಿಟ್ಟರೆ ನಿಜವಾದ ಕಣಗಳೂ ತಪ್ಪಿಹೋಗುತ್ತವೆ. ಗದ್ದಲ ಮತ್ತು ಸಂಕೇತಗಳು ಒಂದರೊಳಗೊಂದು ಬೆರೆತಿರುವಾಗ ಎರಡೂ ತಪ್ಪುಗಳನ್ನು ಒಟ್ಟಿಗೆ ಶೂನ್ಯಕ್ಕೆ ಇಳಿಸುವ ಮಟ್ಟವೇ ಇಲ್ಲ. ಯಾವ ತಪ್ಪು ಎಷ್ಟು ಸಹ್ಯ ಎಂಬುದನ್ನು ಪ್ರಯೋಗಕಾರನೇ ನಿರ್ಧರಿಸಬೇಕು. ಪ್ರಯೋಗಾಲಯದಲ್ಲಿ ತಪ್ಪಿಹೋಗುವುದು ಒಂದು ಎಣಿಕೆ. ನ್ಯಾಯಾಲಯದಲ್ಲಿ ಅದು ಒಬ್ಬ ಮನುಷ್ಯನ ತಿಂಗಳುಗಳು.

ಆಟದ ಮುಂದಿನ ಹಂತದಲ್ಲಿ ಚುಕ್ಕಿಗಳನ್ನು ಕಪ್ಪು ಮತ್ತು ಬಿಳಿಯ ಜನರೆಂದು ಬೇರ್ಪಡಿಸಲಾಗುತ್ತದೆ. ಇದರ ಮೂಲ 2016ರಲ್ಲಿ ಪ್ರೊಪಬ್ಲಿಕಾ ಎಂಬ ಸುದ್ದಿಸಂಸ್ಥೆ 7,000ಕ್ಕೂ ಹೆಚ್ಚು ಬಂಧಿತರ ಅಂಕಗಳನ್ನು ಪರಿಶೀಲಿಸಿ ಪ್ರಕಟಿಸಿದ ವರದಿ. ಎರಡು ವರ್ಷಗಳಲ್ಲಿ ಮತ್ತೆ ಅಪರಾಧ ಮಾಡದ ಕಪ್ಪು ಜನರಲ್ಲಿ 44.9% ಮಂದಿಯನ್ನು ತಂತ್ರಾಂಶ ಹೆಚ್ಚು ಅಪಾಯದವರೆಂದು ಗುರುತಿಸಿತ್ತು. ಬಿಳಿಯರಲ್ಲಿ ಈ ಪ್ರಮಾಣ 23.5%. ತಯಾರಕರ ವಾದ ಬೇರೆ: ಒಂದೇ ಅಂಕ ಪಡೆದವರು, ಯಾವ ಬಣ್ಣದವರಾದರೂ, ಸುಮಾರು ಒಂದೇ ಪ್ರಮಾಣದಲ್ಲಿ ಮತ್ತೆ ಬಂಧಿತರಾಗಿದ್ದಾರೆ, ಆದ್ದರಿಂದ ಅಂಕ ನ್ಯಾಯವಾಗಿದೆ. ವಿಚಿತ್ರವೆಂದರೆ ಎರಡೂ ಮಾತು ನಿಜ.

ಒಂದು ಸರಳ ಲೆಕ್ಕ

ಇದು ಹೇಗೆ ಸಾಧ್ಯ? ತಲಾ 100 ಜನರ ಎರಡು ಗುಂಪುಗಳನ್ನು ಊಹಿಸಿಕೊಳ್ಳಿ. ಮೊದಲ ಗುಂಪಿನಲ್ಲಿ 50 ಮಂದಿ, ಎರಡನೆಯದರಲ್ಲಿ 20 ಮಂದಿ ಮತ್ತೆ ಬಂಧಿತರಾಗುವವರು. ನಮ್ಮ ಪರೀಕ್ಷೆ ಎರಡೂ ಗುಂಪುಗಳಿಗೆ ಸಮನಾದುದು: ಬಂಧಿತರಾಗುವವರಲ್ಲಿ 70% ಮಂದಿಯನ್ನು ಹಿಡಿಯುತ್ತದೆ, ಉಳಿದವರಲ್ಲಿ 30% ಮಂದಿಯನ್ನು ತಪ್ಪಾಗಿ 'ಅಪಾಯ' ಎನ್ನುತ್ತದೆ.

ಮೊದಲ ಗುಂಪಿನಲ್ಲಿ 'ಅಪಾಯ' ಎನಿಸಿಕೊಂಡವರು 35 + 15 = 50. ಇವರಲ್ಲಿ 35 ಮಂದಿಯ ವಿಷಯದಲ್ಲಿ, ಅಂದರೆ 70%, ಮಾತು ನಿಜವಾಯಿತು. ಎರಡನೆಯ ಗುಂಪಿನಲ್ಲಿ 14 + 24 = 38. ಇಲ್ಲಿ ನಿಜವಾದದ್ದು 14, ಅಂದರೆ ಸುಮಾರು 37% ಮಾತ್ರ. ತಪ್ಪಿನ ಪ್ರಮಾಣ ಸಮನಾಗಿದ್ದರೂ 'ಅಪಾಯ' ಎಂಬ ಪದದ ಅರ್ಥ ಬೇರೆಯಾಯಿತು. ಅರ್ಥವನ್ನು ಸಮ ಮಾಡಲು ಹೊರಟರೆ ತಪ್ಪಿನ ಪ್ರಮಾಣ ಬೇರೆಯಾಗುತ್ತದೆ. ಮೂಲ ಪ್ರಮಾಣಗಳು ಭಿನ್ನವಾಗಿದ್ದು ಪರೀಕ್ಷೆ ಪರಿಪೂರ್ಣವಲ್ಲದಿದ್ದರೆ ಎರಡನ್ನೂ ಒಟ್ಟಿಗೆ ಸಾಧಿಸಲಾಗದು. ಆಟಗಾರನು ಗೆರೆಯನ್ನು ಎಷ್ಟೇ ಜಾರಿಸಿದರೂ ಇದನ್ನೇ ಎದುರುಗೊಳ್ಳುತ್ತಾನೆ. ಪುಟಗಟ್ಟಲೆ ವಿವರಣೆ ಮಾಡದ ಕೆಲಸವನ್ನು ಒಂದು ಗೆರೆ ಮಾಡುತ್ತದೆ. ಇದೇ ಈ ಆಟದ ಹಿರಿಮೆ.

ಆದರೂ ಈ ಆಟಕ್ಕೆ ಎರಡು ಕೊರತೆಗಳಿವೆ. ಮೊದಲನೆಯದು, ಯಾರು ಮತ್ತೆ ಬಂಧಿತರಾದರು ಎಂಬುದನ್ನು ಚುಕ್ಕಿಗಳು ಮೊದಲೇ ಹೇಳುತ್ತವೆ. ನಿಜಜೀವನದಲ್ಲಿ ಸೆರೆಯಲ್ಲಿಟ್ಟವನು ಹೊರಗಿದ್ದರೆ ಏನು ಮಾಡುತ್ತಿದ್ದ ಎಂಬುದು ಎಂದಿಗೂ ತಿಳಿಯದು. ಬಿಟ್ಟು ಮಾಡಿದ ತಪ್ಪು ಸುದ್ದಿಯಾಗುತ್ತದೆ, ಇಟ್ಟು ಮಾಡಿದ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಎರಡನೆಯದು, ಬಂಧನವೇ ಅಪರಾಧವಲ್ಲ. ಪೊಲೀಸರು ಹೆಚ್ಚು ತಿರುಗುವ ಬೀದಿಯಲ್ಲಿ ಬಂಧನಗಳೂ ಹೆಚ್ಚು. ಅಳತೆಗೋಲೇ ಬಾಗಿದ್ದರೆ ಅಳತೆಯ ಗತಿಯೇನು?

ಗುಳೆ ಹೋದವನ ಅಂಕ

ಕಾಂಪಾಸ್ ಪ್ರಶ್ನಾವಳಿಯಲ್ಲಿರುವ 137 ಪ್ರಶ್ನೆಗಳಲ್ಲಿ ಬಣ್ಣದ ಪ್ರಶ್ನೆಯಿಲ್ಲ. ಕಳೆದ 12 ತಿಂಗಳಲ್ಲಿ ಎಷ್ಟು ಬಾರಿ ಮನೆ ಬದಲಿಸಿದ್ದೀರಿ ಎಂಬ ಪ್ರಶ್ನೆಯಿದೆ. ಈ ಪ್ರಶ್ನೆಯನ್ನು ಹಗರಿಬೊಮ್ಮನಹಳ್ಳಿಗೆ ತಂದು ನೋಡಿ. ಮಳೆ ಕೈಕೊಟ್ಟ ವರ್ಷ ಇಲ್ಲಿಂದಲೂ ಕೂಡ್ಲಿಗಿ, ಹರಪನಹಳ್ಳಿ ಕಡೆಯಿಂದಲೂ ಕೂಲಿಕಾರರು ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಮಲೆನಾಡಿನ ಕಾಫಿ ತೋಟಗಳಿಗೆ ಗುಳೆ ಹೋಗುತ್ತಾರೆ. ಊರೂರು ಅಲೆಯುವುದು ಅವರ ಹೊಟ್ಟೆಪಾಡು. ಅಂತಹ ಪ್ರಶ್ನಾವಳಿಗೆ ಅದು ಅಪಾಯದ ಗುರುತು.

ಭಾರತದ ನ್ಯಾಯಾಲಯಗಳಲ್ಲಿ ಜಾಮೀನನ್ನು ನಿರ್ಧರಿಸುವವರು ನ್ಯಾಯಾಧೀಶರೇ, ಅಂಕವಲ್ಲ. ಆದರೆ ಅದೇ ಪ್ರಶ್ನೆ ಬೇರೆ ವೇಷದಲ್ಲಿ ಇಲ್ಲಿಯೂ ಇದೆ. ಜಾಮೀನು ಮಂಜೂರಾದ ಮೇಲೂ ಪಹಣಿ ಇರುವ ಜಾಮೀನುದಾರ ಬೇಕು. ಗುಳೆ ಹೋದ ಊರಿನಲ್ಲಿ ಕೂಲಿಕಾರನಿಗೆ ಅಂಥವರನ್ನು ತರುವುದು ಎಲ್ಲಿಂದ? ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರ ಕೊನೆಗೆ ದೇಶದ ಸೆರೆಮನೆಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ, ಅಂದರೆ ಸುಮಾರು 76%, ವಿಚಾರಣಾಧೀನರು. ಇವರ ಮೇಲಿನ ಆರೋಪದ ತೀರ್ಮಾನ ಆಗ ಇನ್ನೂ ಆಗಿರಲಿಲ್ಲ. ಎರಡು ಗುಂಡಿಗಳ ಆಟದಲ್ಲಿ ಇವರಿಗೆ ಜಾಗವೇ ಇಲ್ಲ.

ನಮ್ಮ ವಿಜ್ಞಾನ ಸಂಘಗಳಿಗೆ

ಹೀಗಾಗಿ ಕನ್ನಡದಲ್ಲಿ ಇಂತಹ ಆಟ ರಚಿಸುವವರು ತಪ್ಪಿತಸ್ಥನನ್ನು ಕಂಡುಹಿಡಿಯುವ ಆಟವನ್ನು ಬಿಟ್ಟು ಜಾಮೀನಿನ ಆಟವನ್ನು ಆರಿಸಿಕೊಂಡರೆ ವಿಜ್ಞಾನಕ್ಕೂ ನಿಜಕ್ಕೂ ಹತ್ತಿರವಾಗುತ್ತದೆ. ಗಣಕವಿಲ್ಲದ ಶಾಲೆಯಲ್ಲೂ ಇದನ್ನು ಆಡಿಸಬಹುದು.

40 ರಟ್ಟಿನ ಚೀಟಿಗಳಲ್ಲಿ 40 ಆರೋಪಿಗಳ ವಿವರ ಬರೆಯಿರಿ. ಪ್ರತಿಯೊಂದಕ್ಕೂ 1ರಿಂದ 9ರೊಳಗೆ ಒಂದು ಅಂಕ ಕೊಡಿ. ಒಂದು ಡಬ್ಬಿಯಲ್ಲಿ 1ರಿಂದ 10ರವರೆಗಿನ ಹತ್ತು ಬಿಲ್ಲೆಗಳಿರಲಿ. ವಿದ್ಯಾರ್ಥಿ ಗೆರೆಯನ್ನು ನಿರ್ಧರಿಸಲಿ. ಬಿಡುಗಡೆಯಾದ ಪ್ರತಿಯೊಬ್ಬನ ಪರವಾಗಿ ಒಂದು ಬಿಲ್ಲೆ ಎತ್ತಿ, ನೋಡಿದ ಮೇಲೆ ಡಬ್ಬಿಗೆ ಹಿಂದಿರುಗಿಸಿ. ಬಿಲ್ಲೆಯ ಸಂಖ್ಯೆ ಅವನ ಅಂಕಕ್ಕೆ ಸಮ ಅಥವಾ ಕಡಿಮೆಯಾದರೆ ಅವನು ವಿಚಾರಣೆಗೆ ಹಾಜರಾಗಲಿಲ್ಲ ಎಂದು ಬರೆದುಕೊಳ್ಳಿ. ಅಂಕ 3 ಆದರೆ ಹಾಗಾಗುವ ಸಂಭವನೀಯತೆ 30%. ಸೆರೆಯಲ್ಲಿಟ್ಟವರ ಪರವಾಗಿ ಬಿಲ್ಲೆ ಎತ್ತುವಂತಿಲ್ಲ. ಅವರ ಚೀಟಿಗಳು ಬೋರಲಾಗಿಯೇ ಇರಲಿ. ಕೆಲವು ಚೀಟಿಗಳ ಹಿಂದೆ 'ಜಾಮೀನುದಾರ ಸಿಗಲಿಲ್ಲ' ಎಂದು ಬರೆದಿರಲಿ. ಅವರನ್ನು ಬಿಟ್ಟರೂ ಅವರು ಹೊರಗೆ ಬರುವುದಿಲ್ಲ.

ಒಟ್ಟು ಅಂಕವೆಂಬುದು ಬೇಡ. ಹಾಜರಾಗದವರೆಷ್ಟು, ಒಳಗುಳಿದವರೆಷ್ಟು ಎಂಬ ಎರಡು ಸಂಖ್ಯೆಗಳನ್ನು ಬೇರೆಬೇರೆಯಾಗಿ ಹಲಗೆಯ ಮೇಲೆ ಬರೆಯಿರಿ. ಅದೇ ಗೆರೆಯಿಂದ ಮತ್ತೊಮ್ಮೆ ಆಡಿಸಿದರೆ ಮೊದಲನೆಯ ಸಂಖ್ಯೆ ಬದಲಾಗುವುದನ್ನು ಮಕ್ಕಳು ಕಾಣುತ್ತಾರೆ. ಒಳ್ಳೆಯ ತೀರ್ಮಾನಕ್ಕೂ ಕೆಟ್ಟ ಫಲ ಬರಬಹುದು, ಕೆಟ್ಟ ತೀರ್ಮಾನಕ್ಕೂ ಒಳ್ಳೆಯ ಫಲ ಬರಬಹುದು ಎಂಬ ಪಾಠ ಇಲ್ಲಿದೆ. ಬೋರಲಾಗಿರುವ ಚೀಟಿಗಳನ್ನು ತಿರುಗಿಸಿ ನೋಡೋಣವೆಂದು ಮಕ್ಕಳು ಖಂಡಿತ ಕೇಳುತ್ತಾರೆ. ಆಗ ಶಿಕ್ಷಕರು ಒಪ್ಪಬಾರದು. ಅವುಗಳ ಹಿಂದೆ ಉತ್ತರವಿಲ್ಲ ಎಂಬುದೇ ಆ ದಿನದ ಪಾಠ.